ಸಣ್ಣ ಕಾರಿಗೆ ವಿ8 ಕೂರಿಸುವಾಗ ಬೀಡಿನ ಬ್ಲಾಕೋ, ಅಲ್ಯುಮಿನಿಯಂ ಬ್ಲಾಕೋ?

ಪ್ರಶ್ನೆ: ಸರ್, ನಮ್ಮದು ನಿಪ್ಪಾಣಿ ಹತ್ತಿರದ ಹಳ್ಳಿ. ಈಗ ಕೆಲಸದ ಮೇಲೆ ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ನನ್ನ ಹತ್ತಿರ 1996ರ ಮಜ್ದಾ ಎಂಎಕ್ಸ್-5 ಇದೆ, ಎಂಜಿನ್ ಸುಸ್ತಾಗಿದೆ. ಅದನ್ನು ತೆಗೆದು ಜನರಲ್ ಮೋಟಾರ್ಸ್‌ನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ಹಾಕಬೇಕು ಅಂತ ಬಹಳ ದಿನದ ಆಸೆ. ಎರಡು ಎಂಜಿನ್ ನೋಡಿಟ್ಟಿದ್ದೇನೆ. ಒಂದು 2002ರ ಸಿಲ್ವರಾಡೋ ಟ್ರಕ್ಕಿನದು, 5.3 ಲೀಟರ್ ಎಲ್‌ಎಂ7, ಬ್ಲಾಕ್ (ಸಿಲಿಂಡರ್‌ಗಳಿರುವ ಮುಖ್ಯ ಒಡಲು) ಬೀಡಿನದು, ಅಂದರೆ ಕಾಸ್ಟ್ ಐರನ್. ಇನ್ನೊಂದು 2000ದ ಕಮಾರೋದ ಎಲ್‌ಎಸ್1, 5.7 ಲೀಟರ್, ಅಲ್ಯುಮಿನಿಯಂ. ಬೀಡಿನದು ಅರ್ಧ ರೇಟಿಗೆ ಸಿಗುತ್ತದೆ. ಗೆಳೆಯರು ಬೀಡೇ ಗಟ್ಟಿ ಅಂತಾರೆ. ನಮ್ಮಪ್ಪನ ಟ್ರ್ಯಾಕ್ಟರ್ ನೋಡಿದರೂ ಹಾಗೇ ಅನ್ನಿಸುತ್ತದೆ, ಎಷ್ಟು ವರ್ಷದಿಂದ ಕಬ್ಬು ಎಳೆಯುತ್ತಿದೆ! ಡಲ್ಲಾಸ್ ಬಿಸಿಲಿಗೆ ಯಾವುದು ತಣ್ಣಗಿರುತ್ತದೆ? ವಾರದ ಕೊನೆಗೆ ಓಡಿಸೋದು, ಆಗಾಗ ಟ್ರ್ಯಾಕ್. ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಏರಿಸುವ ಸಾಮಾನು) ಮುಂದೆ ನೋಡೋಣ ಅಂತಿದ್ದೇನೆ. ಯಾವುದು ತಗೊಳ್ಳಲಿ?

ಉತ್ತರ: ಅಲ್ಯುಮಿನಿಯಂ ತಗೊಳ್ಳಿ. ಟರ್ಬೋ ಹಾಕೋದು ಪಕ್ಕಾ ಆಗಿದ್ದರೆ ಮಾತ್ರ ಬೀಡಿನ ಕಡೆ ನೋಡಿ. ‘ಮುಂದೆ ನೋಡೋಣ’ ಅನ್ನೋದು ಪಕ್ಕಾ ಅಲ್ಲ.

ನಾನು ಬೆಳಗಾವಿ ಉದ್ಯಮಬಾಗದಲ್ಲಿ ಬೋರಿಂಗ್, ಹೋನಿಂಗ್, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಉಜ್ಜಿ ಅಳತೆಗೆ ತರುವ ಕೆಲಸ ಮಾಡುವವನು. ನಮ್ಮ ಸುತ್ತಮುತ್ತ ಎಲ್ಲಾ ಫೌಂಡ್ರಿಗಳೇ. ಪಂಪ್ ಬಾಡಿ, ವಾಲ್ವ್ ಬಾಡಿ, ಬ್ರ್ಯಾಕೆಟ್ಟು, ಹೌಸಿಂಗು ಅಂತ ದಿನಾ ಬೀಡು ಎರಕ ಆಗುವ ಊರು ಇದು. ಬೀಡೇ ನಮಗೆ ಅನ್ನ ಹಾಕಿದ್ದು, ಅದರ ಮೇಲೆ ನನಗೆ ಪ್ರೀತಿ ಇದೆ. ಆದರೂ ನಿಮ್ಮ ಕಾರಿಗೆ ಅದು ಬೇಡ ಅಂತಲೇ ಹೇಳುತ್ತೇನೆ.

ಮೊದಲು ಟ್ರ್ಯಾಕ್ಟರ್ ವಿಷಯ ಮುಗಿಸಿಬಿಡೋಣ. ಟ್ರ್ಯಾಕ್ಟರಿಗೆ ತೂಕ ಬೇಕು. ತೂಕ ಇದ್ದರೇನೇ ಗಾಲಿ ಹಿಡಿಯೋದು, ಸಾಲದು ಅಂತ ಮುಂದೆ ಬೇರೆ ಬೀಡಿನ ವೇಟು ಹಾಕ್ತೀವಿ ಅಲ್ವಾ. ಎಂಜಿನ್ ತಿರುಗೋದು ಎರಡು ಸಾವಿರ ಆರ್‌ಪಿಎಂ ಆಚೀಚೆ. ಅಂಥ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಲೈನರ್ (ಸಿಲಿಂಡರಿನ ಒಳಗೆ ಕೂರುವ ಕೊಳವೆ) ಬಿಚ್ಚಿ ಹಾಕುವಂಥದ್ದು ಇರುತ್ತದೆ. ಸವೆದರೆ ಲೈನರ್-ಪಿಸ್ಟನ್ ಕಿಟ್ ತಂದು ಕೂರಿಸಿದರೆ ಬ್ಲಾಕ್ ಮತ್ತೆ ಹೊಸದೇ. ಅದು ಬಾಳಿದ್ದು ಬೀಡು ಅನ್ನೋ ಒಂದೇ ಕಾರಣಕ್ಕಲ್ಲ, ನಿಧಾನ ತಿರುಗೋದು ಮತ್ತು ರಿಪೇರಿಗೆ ಸುಲಭ ಅನ್ನೋ ಕಾರಣಕ್ಕೂ ಹೌದು. ನಿಮ್ಮ ಕಾರು ಇದಕ್ಕೆ ಪೂರಾ ಉಲ್ಟಾ.

ಈಗ ತೂಕಕ್ಕೆ ಬರೋಣ, ಅಸಲಿ ವಿಷಯ ಇರೋದೇ ಇಲ್ಲಿ. ಬೀಡಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 7.1, 7.2 ಗ್ರಾಂ. ಎರಕದ ಅಲ್ಯುಮಿನಿಯಂದು 2.7ರ ಹತ್ತಿರ. ಹಾಗಂತ ಬ್ಲಾಕ್ ತೂಕ ಮೂರನೇ ಒಂದು ಭಾಗ ಆಗೋದಿಲ್ಲ. ಅಲ್ಯುಮಿನಿಯಂ ಅಷ್ಟು ಬಿಗಿ ಲೋಹ ಅಲ್ಲ, ಅದಕ್ಕೇ ಗೋಡೆ ದಪ್ಪ ಇಡಬೇಕು, ಪಕ್ಕೆ ಜಾಸ್ತಿ ಕೊಡಬೇಕು, ಒಳಗೆ ಬೀಡಿನ ಲೈನರ್ ಕೂರಿಸಬೇಕು. ನೀವು ನೋಡಿರುವ ಎರಡು ಎಂಜಿನ್ನೂ ಒಂದೇ ಮನೆತನದವು. ಸಿಲಿಂಡರ್ ಅಂತರ ಒಂದೇ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಒಂದೇ 92 ಮಿ.ಮೀ., ಎರಡರಲ್ಲೂ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಹಿಡಿಯುವ ಪ್ರತಿ ಮೇನ್ ಕ್ಯಾಪಿಗೆ ಆರು ಬೋಲ್ಟು. ಹಾಗಾಗಿ ಲೋಹದ ವ್ಯತ್ಯಾಸ ಮಾತ್ರ ಬೇರೆ ಮಾಡಿ ನೋಡೋಕೆ ಇಷ್ಟು ಒಳ್ಳೆ ಜೋಡಿ ಸಿಗೋದಿಲ್ಲ. ಖಾಲಿ ಬ್ಲಾಕ್ ತೂಗಿದರೆ ಅಲ್ಯುಮಿನಿಯಂದು 50 ಕಿಲೋದ ಆಸುಪಾಸು, ಬೀಡಿನದು ಅದಕ್ಕಿಂತ 40-45 ಕಿಲೋ ಜಾಸ್ತಿ. ಹೆಡ್ (ಬ್ಲಾಕಿನ ಮೇಲೆ ಕೂರುವ ಭಾಗ) ಎರಡರದೂ ಅಲ್ಯುಮಿನಿಯಂ, ಹಾಗಾಗಿ ಅಲ್ಲಿ ವ್ಯತ್ಯಾಸ ಇಲ್ಲ.

45 ಕಿಲೋ ಅಂದರೆ ಏನು ಮಹಾ, ಒಂದು ಸಣ್ಣ ಆಳು ಕೂತ ಹಾಗೆ ಅಂತ ನಿಮ್ಮ ಗೆಳೆಯರು ಹೇಳಬಹುದು. ಆಳು ಕೂರೋದು ಕಾರಿನ ನಡುವೆ, ಬ್ಲಾಕ್ ಕೂರೋದು ಮುಂದಿನ ಗಾಲಿಗಳ ಮೇಲೆ. ಇಲ್ಲಿ ಒಂದು ಲೆಕ್ಕ ಮಾಡಿ. ನಿಮ್ಮ ಕಾರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2265 ಮಿ.ಮೀ. ಎಂಜಿನ್ನಿನ ತೂಕದ ಕೇಂದ್ರ ಮುಂದಿನ ಆ್ಯಕ್ಸಲ್‌ನಿಂದ 20 ಸೆಂ.ಮೀ. ಹಿಂದಿದೆ ಅಂತ ಇಟ್ಟುಕೊಳ್ಳಿ. ಆಗ ಆ 45 ಕಿಲೋದಲ್ಲಿ ಹಿಂದಿನ ಗಾಲಿಗೆ ಹೋಗೋದು 4 ಕಿಲೋ, ಉಳಿದ 41 ಪೂರಾ ಮುಂದೆ. ವಿ8, ದೊಡ್ಡ ಗೇರ್‌ಬಾಕ್ಸ್, ಗಟ್ಟಿ ಡಿಫರೆನ್ಷಿಯಲ್ ಎಲ್ಲಾ ಸೇರಿ ಕಾರು 1080 ಕಿಲೋ ಆಯಿತು, ಅದರಲ್ಲಿ 53 ಪರ್ಸೆಂಟ್ ಮುಂದಿದೆ ಅಂದರೆ, ಬೀಡಿನ ಬ್ಲಾಕ್ ಹಾಕಿದ ಕೂಡಲೇ ಅದು 54.5 ಆಗುತ್ತದೆ. ಕಾಗದದ ಮೇಲೆ ಒಂದೂವರೆ ಪರ್ಸೆಂಟ್. ಟ್ರ್ಯಾಕ್ ಮೇಲೆ ಬ್ರೇಕ್ ಹೊಡೆದು ತಿರುವಿಗೆ ಹಾಕಿದಾಗ ಮೂತಿ ಒಳಗೆ ಬರೋಕೆ ತಡ ಮಾಡುತ್ತದೆ, ಮುಂದಿನ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ, ಬ್ರೇಕ್ ಪ್ಯಾಡ್ ಜಾಸ್ತಿ ಬಿಸಿಯಾಗುತ್ತವೆ. ಎಂಎಕ್ಸ್-5 ಅನ್ನು ಜನ ಇಷ್ಟಪಡೋದೇ ಅದು ತಿರುವಿನಲ್ಲಿ ಚುರುಕು ಅನ್ನೋ ಕಾರಣಕ್ಕೆ. ಆ ಗುಣವನ್ನೇ ಕಳೆದು ಪವರ್ ತಂದರೆ ನೇರ ರಸ್ತೆಯಲ್ಲಿ ಖುಷಿ, ತಿರುವಿನಲ್ಲಿ ಬೇಜಾರು.

ಬೀಡು ಹಾಕಿದವರು ಸಾಮಾನ್ಯವಾಗಿ ಎಂಜಿನ್ ಹಿಂದೆ ಸರಿಸಿದ್ದೇನೆ, ಸರಿಹೋಯಿತು ಅಂತಾರೆ. ಸರಿಸೋದು ಒಳ್ಳೆಯದೇ. ಆದರೆ 200 ಕಿಲೋ ಎಂಜಿನ್ನನ್ನು 10 ಸೆಂ.ಮೀ. ಹಿಂದೆ ತಳ್ಳಿದರೆ ಮುಂದಿನ ಗಾಲಿಯಿಂದ ಕಡಿಮೆ ಆಗೋದು 9 ಕಿಲೋ ಅಷ್ಟೇ. ಫೈರ್‌ವಾಲ್ (ಎಂಜಿನ್ನಿಗೂ ಸೀಟಿನ ಕಡೆಗೂ ನಡುವಿನ ತಗಡಿನ ಗೋಡೆ) ಕತ್ತರಿಸಿ ಇಷ್ಟು ಸಿಗೋದಾದರೆ, ಬ್ಲಾಕ್ ಬದಲಿಸಿದ್ರೆ ಸಿಗೋ 41 ಕಿಲೋ ಎಷ್ಟು ದೊಡ್ಡದು ಅಂತ ನೀವೇ ನೋಡಿ.

ತೂಕ ಉಳಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಹಳೆ ಸಾಕ್ಷಿಯೂ ಇದೆ. 1973ರಲ್ಲಿ ಬ್ರಿಟನ್ನಿನಲ್ಲಿ ಎಂಜಿಬಿ ಜಿಟಿ ವಿ8 ಅಂತ ಒಂದು ಕಾರು ಬಂತು. ಮೂಲ ಎಂಜಿಬಿಯಲ್ಲಿ ಇದ್ದದ್ದು 1.8 ಲೀಟರ್ ನಾಲ್ಕು ಸಿಲಿಂಡರಿನ ಬೀಡಿನ ಎಂಜಿನ್. ಅದರ ಜಾಗಕ್ಕೆ 3.5 ಲೀಟರ್ ರೋವರ್ ವಿ8, ಬ್ಲಾಕೂ ಹೆಡ್ಡೂ ಅಲ್ಯುಮಿನಿಯಂ. ಆ ವಿ8 ಹಳೆ ನಾಲ್ಕು ಸಿಲಿಂಡರಿಗಿಂತ ಹಗುರ ಇತ್ತು! ಸಿಲಿಂಡರ್ ಎರಡು ಪಟ್ಟು ಆಗಿಯೂ ಮೂತಿ ಭಾರ ಆಗಲಿಲ್ಲ. ಇನ್ನೊಂದು ಕಡೆ ಮಿತ್ಸುಬಿಷಿ ಎವೋ ಕಾರು ನೋಡಿ. ಬೀಡಿನ 4ಜಿ63 ಬಿಟ್ಟು ಅಲ್ಯುಮಿನಿಯಂ 4ಬಿ11ಗೆ ಹೋದಾಗ ಕಂಪನಿ ಹೇಳಿದ ಉಳಿತಾಯ 12.5 ಕಿಲೋ. ಅಂದರೆ ಎರಡು ಲೀಟರಿನ ನಾಲ್ಕು ಸಿಲಿಂಡರಿಗೆ ಈ ಪ್ರಶ್ನೆ ಅಷ್ಟು ದೊಡ್ಡದಲ್ಲ, ವಿ8ಗೆ ದೊಡ್ಡದು. ಯಾರಾದರೂ ಬಂದು ಬರೀ ಬೀಡು ಒಳ್ಳೇದಾ ಅಲ್ಯುಮಿನಿಯಂ ಒಳ್ಳೇದಾ ಅಂತ ಕೇಳಿದರೆ ನಾನು ಮೊದಲು ಕೇಳೋದು ಯಾವ ಎಂಜಿನ್, ಯಾವ ಕಾರು ಅಂತ.

ಈಗ ಗಟ್ಟಿತನ. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಬೀಡು ಬಿಗಿ ಲೋಹ, ಒತ್ತಡಕ್ಕೆ ಕಡಿಮೆ ಬಾಗುತ್ತದೆ, ಒಳಗಿರುವ ಗ್ರಾಫೈಟ್ ಪದರಗಳು ಅದುರನ್ನು ನುಂಗುತ್ತವೆ, ಆ ಗ್ರಾಫೈಟೇ ಸಿಲಿಂಡರ್ ಗೋಡೆಗೆ ಒಂದಿಷ್ಟು ಜಾರುಗುಣ ಕೊಡುತ್ತದೆ. ಟರ್ಬೋ ಹಾಕಿ ಒಳಗಿನ ಒತ್ತಡ ಏರಿಸುತ್ತಾ ಹೋದರೆ ಬೀಡಿನ ಬೋರ್ (ಸಿಲಿಂಡರಿನ ತೂತು) ಗುಂಡಗೇ ಉಳಿಯುತ್ತದೆ, ಹೆಡ್ ಬೋಲ್ಟಿನ ಥ್ರೆಡ್ ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕೇ ಅಮೆರಿಕದಲ್ಲಿ ಟರ್ಬೋ ಮಾಡೋರು ಗುಜರಿಯಿಂದ 5.3 ತರೋದು. ಆದರೆ ಆ ಎಂಜಿನ್ನುಗಳಲ್ಲಿ ಮೊದಲು ಹೋಗೋದು ಬ್ಲಾಕ್ ಅಲ್ಲ. ಪಿಸ್ಟನ್ ರಿಂಗಿನ ಗ್ಯಾಪ್ ಸಾಲದೆ, ಬಿಸಿಗೆ ರಿಂಗಿನ ತುದಿಗಳು ಒಂದಕ್ಕೊಂದು ಮುಟ್ಟಿ, ಪಿಸ್ಟನ್ನಿನ ಅಂಚು ಒಡೆಯುತ್ತದೆ. ಅದಾದಮೇಲೆ ಕನೆಕ್ಟಿಂಗ್ ರಾಡ್. ಟರ್ಬೋ ಇಲ್ಲದೆ 350, 400 ಕುದುರೆ ಶಕ್ತಿಗೆ ಓಡಿಸುವವರಿಗೆ ಅಲ್ಯುಮಿನಿಯಂ ಎಲ್‌ಎಸ್1 ಬ್ಲಾಕ್ ಧಾರಾಳ ಸಾಕು. ಕಮಾರೋದಲ್ಲಿ ಕಂಪನಿಯಿಂದ ಬಂದದ್ದೇ 300ಕ್ಕೂ ಮೇಲೆ. ಒಂದು ಟನ್ನಿನ ಕಾರಿಗೆ ಅದು ಕಡಿಮೆ ಅಲ್ಲ.

ಬಿಸಿಲಿಗೆ ಯಾವುದು ತಣ್ಣಗಿರುತ್ತದೆ ಅಂತ ಕೇಳಿದ್ದೀರಿ. ಎರಡೂ ಒಂದೇ. ಅಲ್ಯುಮಿನಿಯಂ ಶಾಖವನ್ನು ಬೀಡಿಗಿಂತ ಎರಡು-ಮೂರು ಪಟ್ಟು ಬೇಗ ದಾಟಿಸುತ್ತದೆ, ನಿಜ. ಆದರೆ ಸುಟ್ಟ ಪೆಟ್ರೋಲಿನ ಶಾಖ ನೀರಿಗೆ ಬಂದಮೇಲೆ ಅದನ್ನು ಹೊರಗೆ ಹಾಕಬೇಕಾದ್ದು ರೇಡಿಯೇಟರ್, ಅದಕ್ಕೆ ಬ್ಲಾಕ್ ಯಾವುದು ಅಂತ ಗೊತ್ತಿರೋದಿಲ್ಲ. ಎಷ್ಟು ಪವರ್ ತೆಗೀತೀರೋ ಅಷ್ಟಕ್ಕೆ ತಕ್ಕ ರೇಡಿಯೇಟರ್, ಫ್ಯಾನು, ಗಾಳಿ ಸರಿಯಾಗಿ ಅದರೊಳಗೇ ಹೋಗುವ ಹಾಗೆ ತಗಡಿನ ದಾರಿ. ಮಾಡಬೇಕಾದ್ದು ಇದು. ವ್ಯತ್ಯಾಸ ಕಾಣೋದು ಕೆಟ್ಟ ದಿನ, ನೀರು ಸೋರಿ ಮುಳ್ಳು ಕೆಂಪಿಗೆ ಹೋದಾಗ. ಬೀಡು ಒಂದಷ್ಟು ಸಹಿಸುತ್ತದೆ. ಅಲ್ಯುಮಿನಿಯಂ ಬೇಗ ಸೊಟ್ಟಗಾಗುತ್ತದೆ, ಜಾಸ್ತಿ ಕಾದರೆ ಹದವೇ ಇಳಿದು ಮೆತ್ತಗಾಗುತ್ತದೆ, ಆಮೇಲೆ ಎಷ್ಟು ಫೇಸಿಂಗ್ ಮಾಡಿ ಮೇಲ್ಮೈ ಸಮ ಮಾಡಿದರೂ ಹೆಡ್ ಕೆಳಗಿನ ಗ್ಯಾಸ್ಕೆಟ್ ನಿಲ್ಲೋದಿಲ್ಲ. ಆದರೆ ನೆನಪಿಡಿ, ಬೀಡಿನ 5.3ಕ್ಕೂ ಹೆಡ್ ಅಲ್ಯುಮಿನಿಯಂದೇ. ಅದನ್ನು ತಗೊಂಡರೂ ಈ ಭಯದಿಂದ ನಿಮಗೆ ಬಿಡುಗಡೆ ಇಲ್ಲ. ಮೇಲಾಗಿ ಆ ವರ್ಷಗಳ 5.3ರಲ್ಲಿ 706 ನಂಬರಿನ ಕೆಲವು ಹೆಡ್‌ಗಳಿಗೆ ವಾಲ್ವ್ ಕವರಿನ ಒಳಭಾಗದಲ್ಲಿ ಸೀಳು ಬರುತ್ತಿತ್ತು. ಹೊರಗೆ ಒಂದು ಹನಿ ಬೀಳದೆ ನೀರು ಕಡಿಮೆ ಆಗುತ್ತಾ ಹೋಗುತ್ತದೆ, ಎಣ್ಣೆಗೆ ಸೇರುತ್ತದೆ. ಆ ಟ್ರಕ್ ಎಂಜಿನ್ ನೋಡೋಕೆ ಹೋದರೆ ಎಣ್ಣೆ ಕಡ್ಡಿ ತೆಗೆದು ಮೂಸಿ, ಎಣ್ಣೆ ತುಂಬುವ ಮುಚ್ಚಳದ ಒಳಗೆ ಹಾಲು ಬಣ್ಣದ ಜಿಡ್ಡು ಇದೆಯಾ ನೋಡಿ.

ಕೂಲಂಟ್ ಬಗ್ಗೆ ಒಂದು ಮಾತು, ಇಲ್ಲಿ ಓದುತ್ತಿರುವ ಊರವರಿಗೂ ಸೇರಿ. ನಮ್ಮ ಅಂಗಡಿಗೆ ಬಂದ ಒಂದು ಅಲ್ಯುಮಿನಿಯಂ ಎಂಜಿನ್ನಿನ ಹೆಡ್ ಎತ್ತಿದಾಗ ನೀರಿನ ತೂತಿನ ಸುತ್ತ ಲೋಹ ಗೆದ್ದಲು ತಿಂದ ಹಾಗೆ ಇತ್ತು. ಬೆರಳು ಆಡಿಸಿದರೆ ಬಿಳಿ ಪುಡಿ. ಗ್ಯಾಸ್ಕೆಟಿನ ಬೆಂಕಿ ಉಂಗುರ ಕೂರುವ ಜಾಗದಿಂದ ಕೊರೆತ ಎರಡು ಮಿ.ಮೀ. ದೂರದಲ್ಲಿತ್ತು. ಕಾರಣ ಬೇರೇನಲ್ಲ, ಬೋರ್‌ವೆಲ್ ನೀರು. ಕೂಲಂಟ್ ಕಡಿಮೆ ಆದಾಗೆಲ್ಲ ನಲ್ಲಿ ಕೆಳಗೆ ಹಿಡಿದು ತುಂಬಿದ್ದಾರೆ. ಬೀಡಾದರೆ ತುಕ್ಕು ಹಿಡಿದು ನೀರು ಕೆಂಪಾಗಿ ಮೊದಲೇ ಕೂಗಿ ಹೇಳುತ್ತದೆ. ಅಲ್ಯುಮಿನಿಯಂ ಸುಮ್ನೆ ಒಳಗೊಳಗೇ ಸವೆಯುತ್ತದೆ. ಡಿಸ್ಟಿಲ್ಡ್ ನೀರು, ಸರಿಯಾದ ಕೂಲಂಟ್, ಹೇಳಿದ ಅವಧಿಗೆ ಬದಲಿಸೋದು. ಇಷ್ಟು ಮಾಡುವವರಿಗೆ ಅಲ್ಯುಮಿನಿಯಂ ಏನೂ ತೊಂದರೆ ಕೊಡೋದಿಲ್ಲ.

ಇನ್ನು ಅರ್ಧ ರೇಟು. ಈ ಕೆಲಸದಲ್ಲಿ ಎಂಜಿನ್ ಬೆಲೆ ಸಣ್ಣ ಭಾಗ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಮೌಂಟು, ಸಬ್‌ಫ್ರೇಮ್, ಎಕ್ಸಾಸ್ಟ್, ವೈರಿಂಗು, ರೇಡಿಯೇಟರ್ ಎಲ್ಲದರ ಖರ್ಚು ಎರಡಕ್ಕೂ ಒಂದೇ. ಟ್ರಕ್ ಎಂಜಿನ್ ತಗೊಂಡರೆ ಅದರ ಎತ್ತರದ ಇನ್‌ಟೇಕ್ ಬಾನೆಟ್ ಕೆಳಗೆ ಹಿಡಿಸೋದಿಲ್ಲ, ಬದಲಿಸಬೇಕು. ಎಣ್ಣೆ ಸಂಪ್ ಆಳ, ಅದೂ ಬದಲಿ. ಮುಂದಿನ ಬೆಲ್ಟು, ಪುಲ್ಲಿ, ಆಲ್ಟರ್ನೇಟರ್ ಜಾಗ ಕೂಡ ಟ್ರಕ್ಕಿಗೆ ತಕ್ಕ ಹಾಗೆ ಮುಂದೆ ಚಾಚಿಕೊಂಡಿರುತ್ತವೆ. ಕಮಾರೋ ಎಂಜಿನ್ನಿಗೆ ಈ ಸಾಮಾನು ಕಾರಿಗೆ ಹತ್ತಿರದ ಅಳತೆಯಲ್ಲೇ ಬರುತ್ತದೆ. ಉಳಿದ ಅರ್ಧ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಯಿತಲ್ಲ.

ದುಡ್ಡೇ ಮುಖ್ಯ ಆದರೆ ಇನ್ನೊಂದು ದಾರಿ ಇದೆ, ಬಹಳ ಜನ ನೋಡೋದಿಲ್ಲ. 2005ರಿಂದ 2007ರವರೆಗೆ ಕೆಲವು ಸಿಲ್ವರಾಡೋ, ಸಿಯೆರಾ ಟ್ರಕ್ಕುಗಳಲ್ಲಿ ಎಲ್33 ಅಂತ ಅಲ್ಯುಮಿನಿಯಂ ಬ್ಲಾಕಿನ 5.3 ಬಂತು, 310 ಕುದುರೆ ಶಕ್ತಿ. ಗಾಡಿಯ ವಿನ್ ನಂಬರಿನ (ಗಾಡಿಯ ಗುರುತಿನ ನಂಬರು) ಎಂಟನೇ ಅಕ್ಷರ ‘ಬಿ’ ಇದ್ದರೆ ಅದು. ಬೀಡಿನ ಎಲ್‌ಎಂ7ಗೆ ‘ಟಿ’. ಗುಜರಿಯಲ್ಲಿ ಎಂಜಿನ್ ಬಿಚ್ಚಿಟ್ಟಿದ್ದರೆ ಜೇಬಲ್ಲಿ ಒಂದು ಅಯಸ್ಕಾಂತ ಇರಲಿ. ಬ್ಲಾಕಿನ ಹೊರ ಪಕ್ಕೆಗೆ ಹಚ್ಚಿ ನೋಡಿ, ಹಿಡಿದರೆ ಬೀಡು. ಬೋರಿನ ಒಳಗೆ ಹಚ್ಚಬೇಡಿ, ಅಲ್ಲಿ ಅಲ್ಯುಮಿನಿಯಂ ಬ್ಲಾಕಿಗೂ ಬೀಡಿನ ಲೈನರೇ ಇರೋದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಲೋಹ ಯಾವುದೇ ಇರಲಿ, ನಿಮ್ಮ ಮುಂದೆ ಇರುವ ಆ ಒಂದು ಬ್ಲಾಕ್ ಹೇಗಿದೆ ಅಂತ ಅಳೆಯದೆ ದುಡ್ಡು ಕೊಡಬೇಡಿ. ಎರಡನ್ನೂ ಅಳೆಯುವ ರೀತಿ ಬೇರೆ.

ಬೀಡಿನ ಬ್ಲಾಕಿನಲ್ಲಿ ನೋಡಬೇಕಾದ್ದು ಗೋಡೆ ದಪ್ಪ. ಫೌಂಡ್ರಿಯಲ್ಲಿ ಸಿಲಿಂಡರ್ ಸುತ್ತ ನೀರು ಓಡಾಡುವ ಜಾಗ ಮಾಡೋಕೆ ಮರಳಿನ ಕೋರ್ ಇಡುತ್ತಾರೆ. ಕರಗಿದ ಬೀಡು ಹೊಯ್ದಾಗ ಅದು ಮರಳಿಗಿಂತ ಎಷ್ಟೋ ಪಟ್ಟು ಭಾರ, ಹಾಗಾಗಿ ಕೋರನ್ನು ಮೇಲಕ್ಕೆ ಎತ್ತಿ ತೇಲಿಸೋಕೆ ನೋಡುತ್ತದೆ. ಕೋರ್ ಒಂದು ಮಿ.ಮೀ. ಸರಿದರೆ ಸಾಕು, ಸಿಲಿಂಡರಿನ ಒಂದು ಬದಿ ಗೋಡೆ ಒಂದು ಮಿ.ಮೀ. ತೆಳು, ಎದುರು ಬದಿ ಅಷ್ಟೇ ದಪ್ಪ. ಹೊರಗಿನಿಂದ ಏನೂ ಗೊತ್ತಾಗೋದಿಲ್ಲ. ಇಲ್ಲಿ ರಿಜೆಕ್ಟ್ ಆದ ಪಂಪ್ ಬಾಡಿಯನ್ನು ಅಡ್ಡ ಕೊಯ್ದು ನೋಡಿದರೆ ಒಂದು ಕಡೆ ಹೆಬ್ಬೆರಳ ದಪ್ಪ, ಇನ್ನೊಂದು ಕಡೆ ಕಿರುಬೆರಳ ದಪ್ಪ ಕಾಣುತ್ತದೆ, ಹೊರಮೈ ಮಾತ್ರ ಚೊಕ್ಕ. ಬೀಡಿನ 5.3ರ ಬೋರ್ 96 ಮಿ.ಮೀ. ಅದನ್ನು 99ಕ್ಕೆ ಬೋರ್ ಮಾಡಿ 5.7 ಲೀಟರ್ ಮಾಡೋದು ಅಲ್ಲಿ ಮಾಮೂಲು, ಬೀಡಿನ ದೊಡ್ಡ ಲಾಭವೂ ಅದೇ. ಆದರೆ ಕೋರ್ ಸರಿದ ಬ್ಲಾಕಿಗೆ ಹಾಗೆ ಮಾಡಿದರೆ ತೆಳು ಬದಿ ಇನ್ನೂ ತೆಳುವಾಗಿ ಒಂದು ದಿನ ನೀರಿನ ಕಡೆಗೆ ಸೀಳುತ್ತದೆ. ಅದಕ್ಕೆ ಅಲ್ಟ್ರಾಸೋನಿಕ್ ಮೀಟರಿನಿಂದ ಪ್ರತಿ ಸಿಲಿಂಡರನ್ನು ಸುತ್ತಲೂ, ಮೇಲೆ, ನಡುವೆ, ಕೆಳಗೆ ಅಳೆಸಿ, ಬರೆದುಕೊಂಡ ಕಾಗದ ಕೇಳಿ. ಸೀಳು ನೋಡೋಕೆ ಬೀಡಿಗೆ ಮ್ಯಾಗ್ನೆಟಿಕ್ ಪರೀಕ್ಷೆ ನಡೆಯುತ್ತದೆ. ಅಲ್ಯುಮಿನಿಯಂಗೆ ಅಯಸ್ಕಾಂತ ನಡೆಯೋದಿಲ್ಲ, ಸೀಳಿಗೆ ಇಳಿಯುವ ಬಣ್ಣ (ಡೈ) ಹಚ್ಚಿ ನೋಡಬೇಕು.

ಎಲ್‌ಎಸ್1ಗೆ ನೋಡಬೇಕಾದ್ದು ಬೋರ್. ಹೊಸದಿದ್ದಾಗ 99 ಮಿ.ಮೀ. ಲೈನರ್ ಎರಕದಲ್ಲೇ ಕೂತಿರುತ್ತದೆ, ತೆಳುವು. ಹೋನ್ ಮಾಡಿ ಒಂದು ಮಿ.ಮೀ.ನ ಹತ್ತನೇ ಒಂದು ಭಾಗ, ಬಹಳ ಅಂದರೆ ಕಾಲು ಮಿ.ಮೀ. ಏರಿಸಬಹುದು, ಅಷ್ಟೇ. ಇಲ್ಲಿ ಅರ್ಧ ಮಿ.ಮೀ., ಒಂದು ಮಿ.ಮೀ. ಓವರ್‌ಸೈಜ್ ಅಂತ ನಾವು ಮಾಡೋ ಲೆಕ್ಕ ಅದಕ್ಕೆ ಬರೋದಿಲ್ಲ. ಅದಕ್ಕಿಂತ ಜಾಸ್ತಿ ಸವೆದಿದ್ದರೆ ಎಂಟಕ್ಕೂ ಹೊಸ ಸ್ಲೀವ್ (ಲೈನರ್) ಹಾಕಿಸಬೇಕು, ಆ ಖರ್ಚಿಗೆ ಇನ್ನೊಂದು ಒಳ್ಳೆ ಎಂಜಿನ್ನೇ ಬರುತ್ತದೆ. ಡಯಲ್ ಬೋರ್ ಗೇಜ್ ಹಿಡಿದು ಮೇಲಿನಿಂದ ಕೆಳಗೆ, ಅಡ್ಡ, ಉದ್ದ ಅಳೆಸಿ. ಅಳೆಯುವಾಗ, ಹೋನ್ ಮಾಡುವಾಗ ಹೆಡ್ ಜಾಗದಲ್ಲಿ ಟಾರ್ಕ್ ಪ್ಲೇಟ್ ಅನ್ನೋ ದಪ್ಪ ತಟ್ಟೆ ಬಿಗಿದಿರಬೇಕು, ಹೆಡ್ ಬಿಗಿದಾಗ ಬೋರ್ ಹೇಗಾಗುತ್ತದೋ ಹಾಗೆ ಸಿಗಬೇಕಲ್ಲ. ಅಲ್ಯುಮಿನಿಯಂಗೆ ಇದು ಇನ್ನೂ ಮುಖ್ಯ.

ಮೇನ್ ಬೇರಿಂಗ್ ಕ್ಲಿಯರೆನ್ಸ್ (ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು) ವಿಷಯದಲ್ಲಿ ಬೀಡಿನ ಅಭ್ಯಾಸ ಇರುವ ಮೆಕ್ಯಾನಿಕ್ಕಿಗೆ ಎಚ್ಚರ ಹೇಳಿ. ಅಲ್ಯುಮಿನಿಯಂ ಬಿಸಿಗೆ ಬೀಡಿನ ಎರಡು ಪಟ್ಟು ಹಿಗ್ಗುತ್ತದೆ. 99 ಮಿ.ಮೀ. ಬೀಡು 80 ಡಿಗ್ರಿ ಏರಿದರೆ 0.09 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಅಲ್ಯುಮಿನಿಯಂ 0.17. ಕ್ರ್ಯಾಂಕ್ ಹಿಡಿದ ಬ್ಲಾಕ್ ಹಿಗ್ಗುತ್ತದೆ, ಕ್ರ್ಯಾಂಕ್ ಅಷ್ಟು ಹಿಗ್ಗೋದಿಲ್ಲ, ಸಡಿಲ ಜಾಸ್ತಿ ಆಗಿ ಎಣ್ಣೆ ಒತ್ತಡ ಇಳಿಯುತ್ತದೆ. ತಣ್ಣಗಿದ್ದಾಗ ಸ್ವಲ್ಪ ಬಿಗಿಯಾಗೇ ಇಡಬೇಕು.

ಇನ್ನೊಂದು ಸಣ್ಣ ಕೆಲಸ, ಇದನ್ನು ಬಿಟ್ಟು ಬ್ಲಾಕ್ ಕಳೆದುಕೊಂಡವರು ಬಹಳ ಜನ. ಈ ಎಂಜಿನ್ನುಗಳಲ್ಲಿ ಹೆಡ್ ಬೋಲ್ಟಿನ ತೂತುಗಳಿಗೆ ತಳ ಇದೆ. ಹೆಡ್ ಎತ್ತುವಾಗ ಕೂಲಂಟೋ ಎಣ್ಣೆಯೋ ಒಳಗೆ ಇಳಿದು ನಿಲ್ಲುತ್ತದೆ. ಅದನ್ನು ಹಾಗೇ ಬಿಟ್ಟು ಬೋಲ್ಟ್ ಬಿಗಿದರೆ ದ್ರವಕ್ಕೆ ಹೋಗೋಕೆ ಜಾಗ ಇಲ್ಲ, ಒಳಗಿನಿಂದ ಬ್ಲಾಕನ್ನೇ ಸೀಳುತ್ತದೆ. ಪ್ರತಿ ತೂತಿಗೂ ಗಾಳಿ ಹೊಡೆದು, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ, ಒಣ ಬಂತಾ ಅಂತ ನೋಡಿಯೇ ಹೊಸ ಬೋಲ್ಟ್ ಹಾಕಿ. ಹಳೆ ಬೋಲ್ಟ್ ಎಳೆದು ಬಿಗಿಯುವ ಜಾತಿಯವು, ಎರಡನೇ ಸಲಕ್ಕೆ ಬರೋದಿಲ್ಲ.

ಬಿಎಂಡಬ್ಲ್ಯು, ಪೋರ್ಶೆ ಎಂಜಿನ್ ಹಾಕೋಣ ಅಂತ ಯೋಚಿಸುವ ಬೇರೆ ಓದುಗರಿಗೆ ಒಂದೇ ಸೂಚನೆ. ಅಲ್ಯುಮಿನಿಯಂ ಬ್ಲಾಕ್ ಎಲ್ಲಾ ಒಂದೇ ಜಾತಿ ಅಲ್ಲ. ಕೆಲವಕ್ಕೆ ಬೀಡಿನ ಲೈನರ್, ಕೆಲವಕ್ಕೆ ನಿಕಾಸಿಲ್ ಅನ್ನೋ ತೆಳು ಲೇಪ, ಕೆಲವಕ್ಕೆ ಲೈನರೇ ಇಲ್ಲದೆ ಸಿಲಿಕಾನ್ ಜಾಸ್ತಿ ಇರುವ ಅಲ್ಯುಮಿನಿಯಂ ಗೋಡೆ. ಕೊನೆಯ ಎರಡನ್ನು ಮಾಮೂಲಿ ಹೋನಿಂಗ್ ಕಲ್ಲಿಗೆ ಕೊಟ್ಟರೆ ಬ್ಲಾಕ್ ಹಾಳು. 90ರ ದಶಕದಲ್ಲಿ ಗಂಧಕ ಜಾಸ್ತಿ ಇದ್ದ ಪೆಟ್ರೋಲಿಗೇ ಬಿಎಂಡಬ್ಲ್ಯು, ಜಾಗ್ವಾರ್‌ಗಳ ನಿಕಾಸಿಲ್ ಸವೆದುಹೋಗಿತ್ತು.

ಊರಲ್ಲೇ ಕಾಂಟೆಸ್ಸಾದಂಥ ಹಳೆ ಕಾರಿಗೆ ಹೀಗೆ ಬೇರೆ ಎಂಜಿನ್ ಕೂರಿಸಬೇಕು ಅಂತ ಕೇಳುವವರು ಲೋಹಕ್ಕಿಂತ ಮೊದಲು ಕಾನೂನು ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ಕಂಪನಿಯ ಅದೇ ಜಾತಿ ಎಂಜಿನ್ ಆದರೂ ಆರ್‌ಟಿಒ ಒಪ್ಪಿಗೆ ಬೇಕು. ಬೇರೆ ವಿ8 ಕೂರಿಸಿದ ಕಾರು ಇಲ್ಲಿ ಟ್ರ್ಯಾಕಿಗೆ ಮಾತ್ರ, ಟ್ರೇಲರ್ ಮೇಲೆ ಹೋಗಿ ಬರಬೇಕು. ನಿಮ್ಮಲ್ಲಿ ಟೆಕ್ಸಸ್ ನಿಯಮ ಬೇರೆ, ಆದರೆ ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗೋ ಯೋಚನೆ ಇದ್ದರೆ ಅಲ್ಲಿ ಕಾರಿಗಿಂತ ಹಳೆ ಎಂಜಿನ್ ಒಪ್ಪೋದಿಲ್ಲ, ಎಂಜಿನ್ ಜೊತೆ ಬಂದ ಹೊಗೆ ನಿಯಂತ್ರಣದ ಸಾಮಾನೆಲ್ಲ ಇರಲೇಬೇಕು. ಕ್ಯಾಟಲಿಟಿಕ್ ಕನ್ವರ್ಟರ್, ಅದರ ಸೆನ್ಸರ್‌ಗಳನ್ನು ಬಿಸಾಕಬೇಡಿ.

ಕಮಾರೋ ಎಂಜಿನ್ ನೋಡೋಕೆ ಹೋದಾಗ ಮೊದಲು ಕಂಪ್ರೆಷನ್ (ಸಿಲಿಂಡರಿನ ಒತ್ತಡ), ಆಮೇಲೆ ಲೀಕ್‌ಡೌನ್ (ಅದು ಎಷ್ಟು ಸೋರುತ್ತದೆ) ಟೆಸ್ಟ್ ಮಾಡಿಸಿ. ಎರಡೂ ಸರಿ ಬಂದರೆ ಮಾತ್ರ ಅಡ್ವಾನ್ಸ್ ಕೊಟ್ಟು ಹೆಡ್ ಎತ್ತಿಸಿ. ಎಂಟೂ ಬೋರಿನ ಅಳತೆ ಬಂದಮೇಲೆ ನನಗೆ ಕಳಿಸಿ, ಹೋನ್ ಮಾಡಿಸಬೇಕೋ ಹೊಸ ರಿಂಗ್ ಸಾಕೋ ಅಂತ ಅದನ್ನು ನೋಡಿ ಹೇಳುತ್ತೇನೆ.